ಮಹಡಿ ಮನೆ ಖಾಲಿ ಮಾಡಿಸಲು ಹೋಗಿ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ಅಲ್ಲಿಗೇ ಮಾತು ನಿಲ್ಲಿಸಿಬಿಟ್ಟರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎನ್ನುವಷ್ಟು ಕಲ್ಲು ಮನಸ್ಸು ಅವರಿಗಿರಲಿಲ್ಲ ಎಂದು ಕಾಣುತ್ತದೆ. ನಾನು ಮೂರನ್ನೂ ಮಾಡಿ ನೋಡಿದವನು. (ಮದುವೆಯ ವಿಷಯ ಇಲ್ಲಿ ಬೇಡ. ಇದನ್ನು ಶಾಮಲಾ ಓದುತ್ತಾಳೆ.)

ಹಾಗಂತ ನಾನು ಹೇಳಿಕೊಳ್ಳುವಂಥ ದೊಡ್ಡ ಮಾಲೀಕನೇನೂ ಅಲ್ಲ. ದೇವನಹಳ್ಳಿಯಲ್ಲಿ ಕೋಟೆಯಿಂದಾಚೆ ಮೂವತ್ತು-ನಲವತ್ತರ ಒಂದು ಸೈಟು. ಅದರ ಮೇಲೆ ಒಂದು ಮನೆ, ಆ ಮನೆಯ ಮೇಲೆ ಇನ್ನೊಂದು ಮನೆ. ಕೆಳಗೆ ನಾವು, ಮಹಡಿಯಲ್ಲಿ ಬಾಡಿಗೆಯವರು. ಅವರ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ವಿಮಾನಗಳು. ನಾನು ಹೈಸ್ಕೂಲೊಂದರಲ್ಲಿ ಗುಮಾಸ್ತ. ಅಲ್ಲಿನ ಮೇಷ್ಟ್ರುಗಳು ನನ್ನನ್ನು ಕಂಡಾಗಲೆಲ್ಲ "ನಿಮಗೇನ್ ಬಿಡಿ ಗೋವಿಂದರಾಜು, ಕೂತಲ್ಲೇ ಬಾಡಿಗೆ ಬರುತ್ತೆ" ಎನ್ನುತ್ತಾರೆ.

ಕೂತಲ್ಲೇ! ಮನೆ ಬಾಡಿಗೆಗೆ ಕೊಟ್ಟ ದಿನದಿಂದ ನಾನು ನೆಟ್ಟಗೆ ಕೂತದ್ದೇ ಇಲ್ಲ ಸ್ವಾಮಿ. ಟ್ಯಾಂಕು ತುಂಬಿ ಹರಿದರೆ ಓಡು, ತುಂಬದಿದ್ದರೆ ಓಡು. ಮಹಡಿಯಲ್ಲಿ ಟಕ್ ಎಂದು ಸದ್ದಾದರೆ ನನ್ನ ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೇನೋ ಎಂದು ಊಟದ ತಟ್ಟೆ ಬಿಟ್ಟು ಓಡು. ಒಮ್ಮೆ ಹಾಗೆ ಏದುಸಿರು ಬಿಡುತ್ತಾ ಹತ್ತಿಹೋಗಿ ನೋಡಿದರೆ ಆ ಹುಡುಗಿ ಶುಂಠಿ ಜಜ್ಜುತ್ತಿದ್ದಳು. ಸುಮ್ಮನೆ ವಾಪಸ್ಸು ಬರಲು ನಾಚಿಕೆಯಾಗಿ ಟೀ ಕುಡಿದು ಬಂದೆ.

ಆ ಹುಡುಗಿ ಹರ್ಷಿತ. ಅವಳ ಗಂಡ ರವಿಚಂದ್ರ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಬಂದು ಎರಡು ವರ್ಷವಾಯಿತು. ಮನೆ ಕೊಡುವಾಗ ನಾನು ಅವರನ್ನು ಸುಲಭಕ್ಕೆ ಬಿಟ್ಟಿರಲಿಲ್ಲ. ಆಧಾರ್ ಜೆರಾಕ್ಸು, ಎರಡು ಫೋಟೊ, ಅಗ್ರಿಮೆಂಟು, ಇವೆಲ್ಲ ಇದ್ದದ್ದೇ. ಅದರ ಮೇಲೆ ವರ್ಷಕ್ಕೆ ಎಷ್ಟು ಸಲ ನೆಂಟರು ಬರುತ್ತಾರೆ, ಬಂದವರು ಎಷ್ಟು ದಿನ ಇರುತ್ತಾರೆ, ಬಟ್ಟೆ ಎಷ್ಟು ಹೊತ್ತಿಗೆ ಒಗೆಯುತ್ತೀರಿ, ಸಾರಿಗೆ ಹಾಕಲು ನಮ್ಮ ಗಿಡದ ಕರಿಬೇವು ಕೇಳುತ್ತೀರೋ ಹೇಳದೆ ಕಿತ್ತುಕೊಳ್ಳುತ್ತೀರೋ, ಎಲ್ಲ ಕೇಳಿದ್ದೆ. "ಪಾಸ್‌ಪೋರ್ಟ್‌ಗೂ ಇಷ್ಟು ಕೇಳಲ್ಲ ಸಾರ್" ಎಂದಿದ್ದ ರವಿಚಂದ್ರ. ಬಾಡಿಗೆಯವರ ಬಗ್ಗೆ ತಿಳಿಯಬೇಕಾದ್ದೆಲ್ಲ ತಿಳಿದವನು ನಾನು ಎಂಬ ಹೆಮ್ಮೆ ನನಗಿತ್ತು.

ಇಂಥ ಒಳ್ಳೆಯ ಜೋಡಿಯನ್ನು ಖಾಲಿ ಮಾಡಿಸಲು ನನಗೇನು ಹುಚ್ಚೇ? ಹೌದು, ಹುಚ್ಚೇ. ಅದು ಹಿಡಿದದ್ದು ನಮ್ಮಕ್ಕನ ಊರು ಆವತಿಯಲ್ಲಿ, ಅವಳ ಕೊನೆಯ ಮಗ ಬೈರೇಶನ ಬೀಗರೂಟದ ದಿನ.

ನಮ್ಮಕ್ಕ ಮಾರಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನನಗೆ ಆರು ತುಂಬುವ ಮೊದಲೇ ಅವ್ವ ತೀರಿಕೊಂಡಳು. ಅಲ್ಲಿಂದ ನನ್ನ ಮೂಗು ಒರೆಸಿ, ತಲೆಗೆ ಎಣ್ಣೆ ತಟ್ಟಿ, ಕಿವಿ ಹಿಂಡಿ ಬೆಳೆಸಿದವಳು ಅಕ್ಕನೇ. ಮದುವೆಯಾಗಿ ಹೋದ ಮೇಲೆ ಬೇರೆಲ್ಲ ಕೆಲಸ ಬಿಟ್ಟಳು, ಕಿವಿ ಹಿಂಡುವುದೊಂದನ್ನು ಬಿಡಲಿಲ್ಲ. ಐವತ್ತನಾಲ್ಕು ವರ್ಷದ ಈ ಬಾಳಿನಲ್ಲಿ ಅವಳಿಗೆ ಒಮ್ಮೆಯೂ 'ಇಲ್ಲ' ಎಂದ ನೆನಪು ನನಗಿಲ್ಲ.

ಬೀಗರೂಟದ ದಿನ ನಾನು ಮುದ್ದೆ ಮುಗಿಸಿ, ಮಟನ್ ಸಾರನ್ನು ಎರಡು ಸಲ ಬಡಿಸಿಕೊಂಡು, ಅನ್ನಕ್ಕೆ ಕೈ ಹಾಕಿದ್ದೆ. ಹೊಟ್ಟೆ ತುಂಬಿದ ಗಂಡಸಿನ ಔದಾರ್ಯಕ್ಕೆ ಎಲ್ಲೆಯಿಲ್ಲ. ಅದು ಗೊತ್ತಿದ್ದೇ ಅಕ್ಕ ನನ್ನ ಎಲೆಯ ಮುಂದೆ ಬಂದು ನಿಂತಳೋ ಏನೋ.

"ಲೇ ಗೋವಿಂದ, ಬೈರೇಶಂಗೆ ಏರ್‌ಪೋರ್ಟ್ ಹತ್ರ ಹೋಟ್ಲಲ್ಲಿ ಕೆಲ್ಸ. ದಿನಾ ಇಲ್ಲಿಂದ ಓಡಾಡಿ ಸವೆದು ಹೋಗ್ತಾವ್ನೆ. ನಿನ್ ಮಹಡಿ ಮನೆ ಅವನಿಗೆ ಕೊಡೋ. ಹೊಸ ಸೊಸೆ, ನಾನು ಇಬ್ರೂ ಒಂದೇ ಅಡುಗೆಮನೇಲಿ ಇದ್ರೆ ಸೌಟು ಸೌಟು ಬಡ್ಕೊಳ್ತವೆ."

"ಅದಕ್ಕೇನಕ್ಕ! ನಿನ್ ಮಗ ಬೇರೆಯಾ, ನನ್ ಮಗ ಬೇರೆಯಾ? ಬರೋ ತಿಂಗ್ಳು ಒಂದನೇ ತಾರೀಕು ಬೀಗದ ಕೈ ತಂದು ನಿನ್ ಕೈಲಿಡ್ತೀನಿ" ಎಂದೆ. (ನನಗೆ ಮಗನೇ ಇಲ್ಲ. ಇರುವವಳು ಒಬ್ಬಳೇ ಮಗಳು, ಹಾಸ್ಟೆಲಿನಲ್ಲಿದ್ದಾಳೆ. ಆದರೆ ಆವೇಶದಲ್ಲಿ ಇಂಥ ಸಣ್ಣ ಸಂಗತಿಗಳು ಹೊಳೆಯುವುದಿಲ್ಲ.)

ಅಕ್ಕ ಅಲ್ಲೇ ನಿಂತು, ಪಂಕ್ತಿಯಲ್ಲಿದ್ದ ಅಷ್ಟೂ ಬೀಗರಿಗೆ ಕೇಳಿಸುವಂತೆ, "ನನ್ ತಮ್ಮ ಕೊಟ್ಟ ಮಾತಿಗೆ ತಪ್ಪೋನಲ್ಲ!" ಎಂದು ಸಾರಿಬಿಟ್ಟಳು. ನನ್ನ ಎಲೆಗೆ ಇನ್ನೂ ನಾಲ್ಕು ತುಂಡು ಬಿದ್ದವು. ಎದುರು ಸಾಲಿನಲ್ಲಿದ್ದ ಶಾಮಲಾಳ ಮುಖ ನೋಡಿದ ಮೇಲೆ ಅವು ಗಂಟಲಲ್ಲಿ ಇಳಿಯಲಿಲ್ಲ.

ಬರುವಾಗ ಸ್ಕೂಟರಿನ ಹಿಂದಿನಿಂದ ವಿಚಾರಣೆ ಶುರುವಾಯಿತು.

"ಯಾರನ್ನ ಕೇಳಿ ಮಾತು ಕೊಟ್ರಿ?"

"ಮನೆ ನಂದು ಕಣೆ."

"ಮಾತೂ ನಿಮ್ದೇ. ಹಂಗಾದ್ರೆ ನೀವೇ ಹತ್ತಿ ಹೋಗಿ ಹೇಳ್ಕೊಳ್ಳಿ. ಆ ಮಗು ಮುಖ ನೋಡ್ಕೊಂಡು ಮನೆ ಬಿಡು ಅನ್ನೋಕೆ ನನ್ ಕೈಲಾಗಲ್ಲ."

"ಈಗ ಇಲ್ಲ ಅಂದ್ರೆ ಅಕ್ಕ ಈ ಜನ್ಮದಲ್ಲಿ ನಮ್ಮನೆ ಹೊಸ್ತಿಲು ತುಳಿಯಲ್ಲ ಶಾಮಲಾ."

"ನಿಮ್ಮಕ್ಕ ಹೊಸ್ತಿಲು ತುಳೀದೇ ಇದ್ರೆ..." ಎಂದವಳು ವಾಕ್ಯ ಪೂರ್ತಿ ಮಾಡಲಿಲ್ಲ. ರಸ್ತೆಯಲ್ಲಿ ಹಂಪ್ ಬಂತು. ದೇವರು ದೊಡ್ಡವನು.

ಅವಳಿಗೆ ಅದು ತಮಾಷೆ. ನನಗಲ್ಲ. ಅವ್ವನ ಮುಖ ನನಗೆ ಸರಿಯಾಗಿ ನೆನಪೇ ಇಲ್ಲ. ಅವ್ವ ಎಂದರೆ ಕಣ್ಣ ಮುಂದೆ ಬರುವುದು ಅಕ್ಕನೇ. ಅವಳು ತುಂಬಿದ ಪಂಕ್ತಿಯಲ್ಲಿ ನನ್ನ ಮೇಲೆ ಭರವಸೆ ಇಟ್ಟು ಮಾತಾಡಿದ್ದಾಳೆ. ಅದನ್ನು ಹುಸಿ ಮಾಡಿ ಆ ಊರಿಗೆ ಹೇಗೆ ಕಾಲಿಡಲಿ?

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬಕೆಟ್ಟಿನ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದೆ. 'ನೋಡಮ್ಮ ಹರ್ಷಿತ, ಬಾಡಿಗೆ ಮನೆ ಅಂದ ಮೇಲೆ ಇವತ್ತು ಬರೋದು, ನಾಳೆ ಹೋಗೋದು ಇದ್ದದ್ದೇ. ಈ ಭೂಮಿ ಮೇಲೆ ನಾವೆಲ್ಲ ಬಾಡಿಗೆದಾರರೇ ತಾನೆ?' ಬಕೆಟ್ಟು ಮರುಮಾತಾಡದೆ ಒಪ್ಪಿತು. ಆ ಧೈರ್ಯದಲ್ಲಿ ಹದಿನೆಂಟು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ.

"ಅಯ್ಯೋ ಅಂಕಲ್, ದೇವ್ರು ಕಳಿಸ್ದಂಗೆ ಬಂದ್ರಿ ನೋಡಿ! ಅಡುಗೆಮನೆ ನಲ್ಲಿ ನಿಲ್ತಾನೇ ಇಲ್ಲ" ಎಂದಳು ಹರ್ಷಿತ.

ಮುಕ್ಕಾಲು ಗಂಟೆಯ ನಂತರ ಕೆಳಗಿಳಿದಾಗ ನನ್ನ ಅಂಗಿ ಒದ್ದೆಯಾಗಿತ್ತು, ಕೈಯಲ್ಲಿ ಒಂದು ತಟ್ಟೆ ಒತ್ತುಶಾವಿಗೆ ಇತ್ತು.

"ಹೇಳಿದ್ರಾ?" ಎಂದಳು ಶಾಮಲಾ.

"ವಾಷರ್ ಹೋಗಿತ್ತು ಕಣೆ."

"ಶಾವಿಗೆಗೆ ಕಾಯಿಹಾಲು ಕೊಟ್ಲಾ?"

ಹೀಗೆ ಆ ತಿಂಗಳಲ್ಲಿ ನಾನು ಐದು ಸಲ ಹತ್ತಿದೆ, ಐದು ಸಲ ಇಳಿದೆ. ಪ್ರತಿ ಸಲವೂ ಏನಾದರೊಂದು ರಿಪೇರಿ ಮಾಡಿ, ಏನಾದರೊಂದು ತಿಂದು ಬಂದೆ. ಅಲ್ಲಿಗೆ ಮಹಡಿ ಮನೆ ಹೊಸದರಂತಾಯಿತು, ನನ್ನ ತೂಕ ಎರಡು ಕೇಜಿ ಏರಿತು. ಮಾತು ಮಾತ್ರ ಬಾಯಿಂದ ಈಚೆಗೆ ಬರಲಿಲ್ಲ.

ನನ್ನನ್ನು ಆಗ ಕಾಪಾಡಿದ್ದು ಆಷಾಢ. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಅಕ್ಕನಿಗೆ ಫೋನ್ ಮಾಡಿ ಹೇಳಿದರೆ ಅವಳೂ ತಕ್ಷಣ ಒಪ್ಪಿದಳು. ಹೊಸ ಸೊಸೆ ಹೇಗೂ ಆಷಾಢಕ್ಕೆ ತವರಿಗೆ ಹೋಗಿದ್ದಳು. "ಆದ್ರೆ ಶ್ರಾವಣ ಬಿದ್ದ ತಕ್ಷಣ ಬರ್ತಾಳೆ. ಆಗ ಮನೆ ರೆಡಿ ಇರ್ಬೇಕು" ಎಂದು ಫೋನಿಟ್ಟಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ನನಗೆ ಸಿಕ್ಕಿದ್ದು ಒಂದು ತಿಂಗಳು.

ಶ್ರಾವಣ ಬಂತು. ಈ ಸಲ ಒಂದು ಸುಳ್ಳನ್ನು ಚೆನ್ನಾಗಿ ಸಾಣೆ ಹಿಡಿದುಕೊಂಡು ಹತ್ತಿದೆ. ರವಿಚಂದ್ರನೂ ಮನೆಯಲ್ಲಿದ್ದ. ನಮ್ಮ ಶಾಮಲಾಳೂ ಅಲ್ಲೇ ಕೂತು ಹರ್ಷಿತಳ ಜೊತೆ ಹೂ ಕಟ್ಟುತ್ತಿದ್ದಳು. ನಾನು ಗೋಡೆಯನ್ನು ಎರಡು ಕಡೆ ತಟ್ಟಿ, ತಲೆ ಅಲ್ಲಾಡಿಸಿ, ಘನ ಗಂಭೀರವಾಗಿ ಘೋಷಿಸಿದೆ.

"ಈ ಗೋಡೆ ಸರಿಯಿಲ್ಲ ರವಿ. ಒಳಗೆಲ್ಲ ಬಿರುಕು. ಒಡೆಸಿ ಹೊಸದಾಗಿ ಕಟ್ಟಿಸ್ಬೇಕು. ಮೂರು ತಿಂಗಳ ಕೆಲಸ. ಆ ಧೂಳಲ್ಲಿ ನೀವು ಹೆಂಗಿರ್ತೀರಾ ಪಾಪ? ಅದಕ್ಕೆ ನೀವು..."

ರವಿಚಂದ್ರ ಹೆಂಡತಿಯ ಮುಖ ನೋಡಿದ. ಹೆಂಡತಿ ಶಾಮಲಾಳ ಮುಖ ನೋಡಿದಳು. ಶಾಮಲಾ ನನ್ನನ್ನು ನೋಡಿದಳು.

"ರೀ, ಬಸುರಿ ಇರೋ ಮನೇಲಿ ಯಾರಾದ್ರೂ ಗೋಡೆ ಒಡೀತಾರೇನ್ರೀ? ಬುದ್ಧಿ ನೆಟ್ಟಗಿದೆಯಾ ನಿಮಗೆ?"

"ಯಾರು ಬಸುರಿ?" ಎಂದೆ.

"ನಾನಂತೂ ಅಲ್ಲ!"

ಹರ್ಷಿತ ತಲೆ ತಗ್ಗಿಸಿ ನಕ್ಕಳು. ನಾಲ್ಕನೇ ತಿಂಗಳಂತೆ. ಇಡೀ ಬೀದಿಗೆ ಗೊತ್ತಿದ್ದದ್ದು ಮನೆಯ ಮಾಲೀಕನಿಗೆ ಗೊತ್ತಿರಲಿಲ್ಲ. ರವಿಚಂದ್ರ ನನ್ನ ಕೈ ಹಿಡಿದು, "ಬಸುರಿ ಇರುವಾಗ ಸುತ್ತಿಗೆ ಸದ್ದು ಆಗ್ಬಾರ್ದಂತೆ ಸಾರ್, ಊರಲ್ಲಿ ಹಾಸಿಗೆ ಹಿಡಿದಿರೋ ನಮ್ಮಮ್ಮನೂ ಫೋನಲ್ಲಿ ಅದೇ ಅಂದ್ರು. ಬಿರುಕಿದ್ರೆ ಇರ್ಲಿ, ನಾವು ಅಡ್ಜಸ್ಟ್ ಮಾಡ್ಕೊಳ್ತೀವಿ" ಎಂದ. ಇಲ್ಲದ ಬಿರುಕಿಗೆ ಅವನು ಹೊಂದಿಕೊಳ್ಳಲು ತಯಾರಾಗಿಬಿಟ್ಟ. ಒಂದು ಲಾಡು ತಿಂದು ಇಳಿದೆ.

ಇಳಿಯುವಾಗ, ಹನ್ನೊಂದನೇ ಮೆಟ್ಟಿಲಲ್ಲಿ, ಆ ಮಹಾನ್ ಆಲೋಚನೆ ಹೊಳೆಯಿತು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಏಳನೇ ತಿಂಗಳಿಗೆ ಸೀಮಂತ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಚೊಚ್ಚಲು ಬಸುರಿಯನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ಹೆರಿಗೆ, ಬಾಣಂತನ ಎಲ್ಲ ಅಲ್ಲೇ. ತಿರುಗಿ ಬರಲು ಐದಾರು ತಿಂಗಳಾದರೂ ಬೇಕು. ಅಂದರೆ ಸೀಮಂತದ ಸಾಯಂಕಾಲ ಮಹಡಿಯಲ್ಲಿ ಉಳಿಯುವವನು ರವಿಚಂದ್ರ ಒಬ್ಬನೇ. ಒಂಟಿ ಗಂಡಸಿಗೆ ಮನೆ ಖಾಲಿ ಮಾಡು ಎನ್ನಲು ಯಾವ ಸಂಕೋಚ? ಚಾಪೆ, ಬಕೆಟ್ಟು ಕಾರಿನ ಡಿಕ್ಕಿಗೆ ಹಾಕಿಕೊಂಡರೆ ಅವನ ಸಂಸಾರ ಸಾಗಣೆ ಮುಗಿಯಿತು. ಹೆಂಡತಿ ಬರುವಷ್ಟರಲ್ಲಿ ಬೇರೆ ಮನೆ ನಾನೇ ನಿಂತು ಹುಡುಕಿಕೊಡುವುದು. ಯಾರ ಕಣ್ಣಲ್ಲೂ ನೀರಿಲ್ಲ, ಅಕ್ಕನ ಮಾತೂ ಉಳಿಯಿತು.

ಅಕ್ಕನಿಗೆ ಸುದ್ದಿ ಮುಟ್ಟಿಸಿದೆ. ಅವಳು ಕೆಂಡವಾಗಿದ್ದಳು.

"ಆಷಾಢ ಅಂದೆ, ಶ್ರಾವಣ ಅಂದೆ, ಈಗ ಕಾರ್ತಿಕ ಅಂತೀಯ. ಇಲ್ಲಿ ಸೊಸೆ ನನ್ ಸಾರಿಗೆ ಬೆಲ್ಲ ಹಾಕ್ತಾವ್ಳೆ ಕಣೋ! ನಾನು ಎಷ್ಟು ದಿವ್ಸ ಅಂತ ತಿನ್ಲಿ?"

"ಇದೊಂದೇ ಸಲ ಅಕ್ಕ. ಸೀಮಂತದ ದಿನ ನೀನೇ ಬಾ. ಆ ಹುಡುಗಿ ಮೆಟ್ಲು ಇಳಿದು ತವರಿಗೆ ಹೋಗೋದನ್ನ ಕಣ್ಣಾರೆ ನೋಡು."

ಅಲ್ಲಿಂದ ಕಾರ್ತಿಕದವರೆಗೆ ಆ ಬಸುರಿಯನ್ನು ನಾನು ನೋಡಿಕೊಂಡಷ್ಟು ಮುತುವರ್ಜಿಯಿಂದ ಅವಳ ಗಂಡನೂ ನೋಡಿಕೊಂಡಿರಲಾರ. "ಎಷ್ಟು ತಿಂಗಳಾಯ್ತಮ್ಮ?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದೆ. ಪುರೋಹಿತರ ಹತ್ತಿರ ನಾನೇ ದಿನ ನೋಡಿಸಿಕೊಂಡು ಬಂದೆ. ಹೋಳಿಗೆಗೆ ಹೇಳಿದ್ದು ನಾನು, ಮಲ್ಲಿಗೆ ದಂಡೆಗೆ ಹೇಳಿದ್ದು ನಾನು. ನನ್ನ ಗೋಡೆಗೆ ಯಾರಾದರೂ ಗುಂಡುಪಿನ್ನು ಚುಚ್ಚಿದರೆ ಎದೆಗೆ ಚುಚ್ಚಿದಂತೆ ನರಳುತ್ತಿದ್ದ ನಾನೇ, ಹೂವಿನ ಸರ ಕಟ್ಟಲೆಂದು ಡ್ರಿಲ್ಲಿಂಗ್ ಮೆಷಿನ್ ತರಿಸಲು ಹೊರಟೆ. (ಬಸುರಿ ಇರುವ ಮನೆ ಎಂದು ಶಾಮಲಾ ತಡೆದಳು. ಟೇಪಿನಲ್ಲಿ ಅಂಟಿಸಿದೆ.)

"ನನ್ ಸೀಮಂತಕ್ಕೆ ಒಂದು ಡಜನ್ ಬಳೆ ತರ್ಲಿಲ್ಲ ನೀವು" ಎಂದಳು ಶಾಮಲಾ ಒಂದು ದಿನ. ಆಮೇಲೆ ಇದ್ದಕ್ಕಿದ್ದಂತೆ ದನಿ ಮೆತ್ತಗಾಯಿತು. "ಇರ್ಲಿ ಬಿಡಿ. ನಿಮಗೂ ಕರುಳಿದೆ ಅಂತ ಈಗ್ಲಾದ್ರೂ ಗೊತ್ತಾಯ್ತಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದು ಎರಡನೇ ಸಲ. ಹೊಗಳಿಕೆ ಯಾತಕ್ಕೆಂದು ಕೇಳಿ ಕೆಡಿಸಿಕೊಳ್ಳಲು ನಾನೇನು ದಡ್ಡನೇ?

ಸೀಮಂತದ ಹಿಂದಿನ ದಿನ ಅವಳು ಕೆಳಗಿನ ನಮ್ಮ ರೂಮನ್ನು ತೊಳೆದು, ಹಳೆಯ ಹತ್ತಿ ಸೀರೆಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಒಣಹಾಕಿದಳು. ಅಕ್ಕ ಬರುತ್ತಾಳಲ್ಲ, ಅದಕ್ಕೆ ಈ ಸಡಗರ ಎಂದುಕೊಂಡೆ.

ಅಕ್ಕ ಬೆಳಿಗ್ಗೆ ಒಂಬತ್ತಕ್ಕೇ ಬಂದಳು. ಕೈಯಲ್ಲೊಂದು ಚೀಲ. ಚೀಲದಲ್ಲಿ ಹೊಚ್ಚಹೊಸ ಸ್ಟೀಲಿನ ಪಾತ್ರೆ. ನನ್ನನ್ನು ಮೂಲೆಗೆ ಕರೆದು, "ಹಾಲುಕ್ಸೋಕೆ ಕಣೋ. ದಿನ ಚೆನ್ನಾಗದೆ. ಅವ್ಳು ಮೆಟ್ಲು ಇಳೀತಿದ್ದಂಗೆ ನಾನು ಹತ್ತಿ ಒಲೆ ಹಚ್ಚಿಬಿಡ್ತೀನಿ" ಎಂದಳು. ಇಷ್ಟು ಅವಸರ ಒಳ್ಳೆಯದಲ್ಲ ಎನಿಸಿದರೂ, ಆರು ತಿಂಗಳು ಸಾರಿಗೆ ಬೆಲ್ಲ ತಿಂದವಳ ಕಷ್ಟ ನನಗೆ ಅರ್ಥವಾಯಿತು.

ಮಹಡಿಯ ಹಾಲ್ ತುಂಬ ಹೆಂಗಸರು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ತಲೆ ತುಂಬ ಹೂವು. ಹರ್ಷಿತ ಕುರ್ಚಿಯ ಮೇಲೆ ಲಕ್ಷಣವಾಗಿ ಕೂತಿದ್ದಳು. ಒಬ್ಬೊಬ್ಬರೇ ಅರಿಸಿನ ಹಚ್ಚಿ, ಆರತಿ ಎತ್ತಿ, ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕುತ್ತಿದ್ದರು. ಬಾಗಿಲ ಬಳಿ ಹೊಸ ಪಂಚೆ ಉಟ್ಟು, ಸೀಬೆಹಣ್ಣಿನ ಚೀಲ ಹಿಡಿದುಕೊಂಡು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದವರು ಹರ್ಷಿತಳ ಅಪ್ಪ ಬೈರಣ್ಣ. ಕುಂದಾಣದ ಕಡೆ ಯಾವುದೋ ಲೇಔಟಿನಲ್ಲಿ ವಾಚ್‌ಮನ್ ಎಂದು ಕೇಳಿದ್ದೆ. ಭಾನುವಾರ ಭಾನುವಾರ ಹರ್ಷಿತ ಅಲ್ಲಿಗೆ ಹೋಗಿ ಬರುತ್ತಿದ್ದಳು. ತವರಿಗೆ ಎಂದೇ ನಾನು ತಿಳಿದಿದ್ದೆ.

ಆರತಿ ಮುಗಿಯಿತು. ನನ್ನ ಕಣ್ಣು ಗಡಿಯಾರದ ಮೇಲೆ. ಅಕ್ಕ ಚೀಲವನ್ನು ಕಂಕುಳಿಗೆ ಏರಿಸಿಕೊಂಡಳು. ಇನ್ನು ತಡೆಯಲಾರದೆ, ಮನೆ ಯಜಮಾನನ ದನಿಯಲ್ಲಿ, ಎಲ್ಲರೆದುರು ಕೇಳಿಯೇಬಿಟ್ಟೆ.

"ಏನ್ ಬೈರಣ್ಣೋರೇ, ಎಷ್ಟೊತ್ತಿಗೆ ಹೊರಡ್ತೀರಾ ಮಗಳನ್ನ ಕರ್ಕೊಂಡು? ಹನ್ನೆರಡಕ್ಕೆ ರಾಹುಕಾಲ ಬರುತ್ತೆ. ತವರಿಗೆ ಹೊರಡೋ ಬಸುರಿ ಅದಕ್ಕೆ ಮುಂಚೆ ಹೊಸ್ತಿಲು ದಾಟ್ಬೇಕು ನೋಡಿ."

ಬೈರಣ್ಣ ಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಎಲ್ಲಿಗ್ ಸಾಮಿ ಕರ್ಕೊಂಡೋಗ್ಲಿ?" ಎಂದರು ಮೆಲ್ಲಗೆ. "ಅವ್ಳ ತಾಯಿ ಹೋಗಿ ಆರು ವರ್ಷ ಆತು. ನಾನಿರೋದು ಲೇಔಟ್ ಗೇಟಿನ ಹತ್ರ ತಗಡಿನ ಶೆಡ್ಡಲ್ಲಿ. ಹತ್ತಡಿಗೆ ಎಂಟಡಿ. ಅಲ್ಲಿ ಬಾಣಂತಿ ಮಲ್ಗಕ್ಕಾಯ್ತದಾ ಸಾಮಿ?"

ಹರ್ಷಿತ ಮಡಿಲಲ್ಲಿದ್ದ ಅಕ್ಕಿಯನ್ನೇ ನೋಡುತ್ತಿದ್ದಳು. ಅದರ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು.

ಕರಿಬೇವು ಕೇಳಿ ಕೀಳುತ್ತೀಯೋ ಕೇಳದೆ ಕೀಳುತ್ತೀಯೋ ಎಂದು ವಿಚಾರಿಸಿದ್ದ ನಾನು, ಎರಡು ವರ್ಷದಲ್ಲಿ ಒಮ್ಮೆಯೂ 'ನಿನಗೆ ಅಮ್ಮ ಇದ್ದಾಳಾ ಮಗು?' ಎಂದು ಕೇಳಿರಲಿಲ್ಲ. ಆರು ತುಂಬುವ ಮೊದಲೇ ಅವ್ವನನ್ನು ಕಳೆದುಕೊಂಡವನಿಗೆ ಆ ಪ್ರಶ್ನೆ ಹೊಳೆಯಬೇಡವೇ? ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ಲೇ ಗೋವಿಂದ!"

ಅಕ್ಕ. ಆ ದನಿ ಕೇಳಿ ನನ್ನ ಕೈ ತಾನಾಗಿ ಕಿವಿ ಮುಚ್ಚಿಕೊಂಡಿತು.

"ತವರಿಲ್ಲದ ಹೆಣ್ಣನ್ನ ತುಂಬಿದ ಮನೇಲಿ ಕೂರ್ಸಿ ಎಷ್ಟೊತ್ತಿಗೆ ಹೊರಡ್ತೀಯ ಅಂತ ಕೇಳ್ತೀಯಲ್ಲೋ, ನಿನ್ ಬಾಯಲ್ಲಿರೋದು ನಾಲಿಗೇನೋ ಎಕ್ಕಡಾನೋ?"

"ಅಕ್ಕ, ನಂಗೆ ಗೊತ್ತಿರ್ಲಿಲ್ಲ..."

"ಮುಚ್ಚು! ನನ್ ಚೊಚ್ಚಲು ಬಾಣಂತನ ಯಾರ್ ಮಾಡಿದ್ರು ಅಂತ ಗೊತ್ತೇನೋ ನಿಂಗೆ? ಅವ್ವ ಇರ್ಲಿಲ್ಲ. ನೀನು ಮೂಗು ಸುರಿಸ್ಕೊಂಡು ತಿರುಗ್ತಿದ್ದೆ. ನಿಮ್ ಭಾವ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲ್ಸಕ್ಕಿದ್ರು. ಮಗ್ಗದ ಮನೆ ಹಿಂದೆ ಒಂದು ಬಾಡಿಗೆ ಕೋಣೆ. ಆ ಮನೆ ಯಜಮಾನಿ ಲಕ್ಕಮ್ಮ ಅಂತ. ನಮ್ಮ ಕುಲವಲ್ಲ, ನೆಂಟಸ್ತನವಲ್ಲ. ನನ್ನ ತನ್ ಮನೆ ಒಳಕ್ಕೆ ಕರ್ಕೊಂಡು ನಲವತ್ತು ದಿವ್ಸ ನೀರು ಹಾಕಿದ್ಲು. ಮಗು ಬೆಚ್ಚಿ ಬೀಳ್ತದೆ ಅಂತ ಹನ್ನೊಂದು ದಿವ್ಸ ಮಗ್ಗ ನಿಲ್ಲಿಸಿದ್ಲು ಕಣೋ! ಅನ್ನ ಕೊಡೋ ಮಗ್ಗಾನೇ ನಿಲ್ಲಿಸಿದ್ಲು!"

ನಾನು ಅಕ್ಕ ಅಳುವುದನ್ನು ನೋಡಿದ್ದು ಅವ್ವ ಹೋದ ದಿನ, ಆಮೇಲೆ ಅವತ್ತು. ಅವಳು ಸೀದಾ ಹೋಗಿ ಹರ್ಷಿತಳ ಗಲ್ಲ ಒರೆಸಿ, "ಅಳ್ಬಾರ್ದು ಕಣವ್ವ, ಹಸಿರು ಬಳೆ ಇಟ್ಕೊಂಡು ಅಳ್ಬಾರ್ದು. ಇದೇ ನಿನ್ ತವರು. ಈ ಮನೆ ಕೆಳಗ್ಡೆ" ಎಂದಳು.

"ರೂಮು ತೊಳೆದಿಟ್ಟಿದೀನಿ ಅತ್ತಿಗೆ" ಎಂದಳು ಶಾಮಲಾ ತಕ್ಷಣ. "ಹಳೇ ಸೀರೆ ಎಲ್ಲ ಒಗೆದಾಗಿದೆ. ಇವ್ರೂ ಮೂರು ತಿಂಗಳಿಂದ ಇದಕ್ಕೇ ಓಡಾಡಿದ್ದು. ಬಾಯಲ್ಲಿ ಹೇಳೋಕೆ ಬರಲ್ಲ ಅಷ್ಟೆ ಇವರಿಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಬೈರಣ್ಣ ಕೈ ಮುಗಿದರು. ನಾನು ಓಡಾಡಿದ್ದು ಯಾತಕ್ಕೆ ಎಂದು ಹೇಳಲು ಅದು ಸಮಯವಲ್ಲ ಎನಿಸಿ, ನಾನೂ ಕೈ ಮುಗಿದೆ.

"ಮತ್ತೆ ಬೈರೇಶ?" ಎಂದೆ ಅಕ್ಕನ ಕಿವಿಯಲ್ಲಿ.

"ಅವ್ನು ಆವತಿ ಮನೇಲೇ ಇರ್ಲಿ ಹೆಂಡ್ತಿ ಕಟ್ಕೊಂಡು. ಸಾರಿಗೆ ಬೆಲ್ಲನಾದ್ರೂ ಹಾಕ್ಲಿ, ಪಾಕನಾದ್ರೂ ಹಾಕ್ಲಿ. ಬಾಣಂತನ ಮುಗಿಯೋವರ್ಗೂ ನಾನ್ ಇಲ್ಲೇ ಇರ್ತೀನಿ. ಶಾಮಲಾ ಒಬ್ಳ ಕೈಲಿ ಆಗಲ್ಲ."

ಎಷ್ಟು ಸಲೀಸು ನೋಡಿ! ಬೈರೇಶನಿಗೆ ಮನೆ ಸಿಕ್ಕಿತು. ಹರ್ಷಿತಳಿಗೆ ತವರು ಸಿಕ್ಕಿತು. ಅಕ್ಕನಿಗೆ ಬೆಲ್ಲವಿಲ್ಲದ ಸಾರು ಸಿಕ್ಕಿತು. ಕೆಳಗೆ ಇರುವುದು ಒಂದು ರೂಮು, ಒಂದು ಹಾಲ್. ಮೂವರು ಹೆಂಗಸರು. ಲೆಕ್ಕ ಹಾಕುತ್ತಾ ಹಾಕುತ್ತಾ ನನಗೆ ಬೆವರು ಬಂತು.

"ಅಕ್ಕ, ಮತ್ತೆ ನಾನೆಲ್ಲಿರ್ಲಿ?"

"ಬಾಣಂತಿ ಮನೇಲಿ ಗಂಡಸ್ರಿಗೇನ್ ಕೆಲ್ಸ? ಈ ಹುಡುಗನ ಜೊತೆ ಇಲ್ಲೇ ಮಹಡೀಲಿರು."

ಹೀಗೆ, ಅಂದು ರಾಹುಕಾಲಕ್ಕೆ ಮುಂಚೆಯೇ ಹರ್ಷಿತ ಹದಿನೆಂಟು ಮೆಟ್ಟಿಲು ಇಳಿದು ತವರಿಗೆ ಹೋದಳು. ಕೈ ಹಿಡಿದು ಇಳಿಸಿದ್ದು ನಾನೇ. ಅಕ್ಕನ ಹೊಸ ಪಾತ್ರೆಯಲ್ಲಿ ಕೆಳಗಿನ ಒಲೆಯ ಮೇಲೆ ಹಾಲು ಉಕ್ಕಿತು. ಸಂಜೆಯ ಹೊತ್ತಿಗೆ ಒಂದು ಚಾಪೆ, ಒಂದು ಬಕೆಟ್ಟು ಹಿಡಿದುಕೊಂಡು ನಾನು ಮೆಟ್ಟಿಲು ಹತ್ತಿದೆ.

ಮಹಡಿ ಮನೆ ನೋಡಲು ಬಂದವರಿಗೆಲ್ಲ "ಗಾಳಿ ಬೆಳಕಿಗೆ ಮೋಸವಿಲ್ಲ" ಎಂದು ವರ್ಷಗಟ್ಟಲೆ ಹೇಳಿದವನು ನಾನು. ವಾಸಕ್ಕೆ ಹೋದ ಮೇಲೆ ತಿಳಿಯಿತು, ಗಾಳಿ ಬರುವುದು ಬಚ್ಚಲ ಕಿಟಕಿಯಿಂದ. ಬೆಳಕು ಮಧ್ಯಾಹ್ನದ ಮೇಲೆ ಬರುತ್ತದೆ, ಬಂದರೆ ಸೂರು ಕಾದು ತಲೆ ಸಿಡಿಯುತ್ತದೆ. ಕೆಳಗೆ ಮೂವರು ಹೆಂಗಸರು ಒಟ್ಟಿಗೆ ನಲ್ಲಿ ತಿರುಗಿಸಿದರೆ ಮೇಲೆ ನಲ್ಲಿ ಬರೀ ಕೆಮ್ಮುತ್ತದೆ. ಅಂಗಿ ನೇತುಹಾಕಲು ಒಂದು ಮೊಳೆ ಇಲ್ಲ. ಒಂದು ಹೊಡೆಯಲೇ ಎಂದು ರವಿಚಂದ್ರನನ್ನು ಕೇಳಿದೆ.

"ಬೇಡ ಸಾರ್, ಅಗ್ರಿಮೆಂಟಲ್ಲಿ ಬೇಡ ಅಂತಿದೆ. ಓನರ್ ಬೈತಾರೆ" ಎಂದ. ಮುಖದಲ್ಲಿ ನಗು ಸುಳಿಯಲಿಲ್ಲ. ಹುಡುಗ ಒಳ್ಳೆಯವನೇ, ಆದರೆ ಸಾಧು ಏನಲ್ಲ.

ಸಂಕ್ರಾಂತಿಗೆ ಒಂದು ವಾರ ಮುಂಚೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಗಾಜಿನಾಚೆಯಿಂದ ಒಂದು ನಿಮಿಷ ನೋಡಿದ್ದಷ್ಟೆ. ಮನೆಗೆ ಬಂದ ಮೇಲೆ ಅಕ್ಕನ ಕಾವಲು. ಹೊರಗಿನಿಂದ ಬಂದವರು ಮುಟ್ಟುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಊಟದ ಕ್ಯಾರಿಯರ್ ಮೆಟ್ಟಿಲ ಮೇಲೆ ಬರುತ್ತಿತ್ತು, ಖಾಲಿಯಾದದ್ದು ಮೆಟ್ಟಿಲ ಮೇಲೇ ಇಳಿಯುತ್ತಿತ್ತು. ಮಹಡಿಯಲ್ಲಿ ನಾನೂ ರವಿಚಂದ್ರನೂ ಕೆಳಗಿನಿಂದ ಬರುವ ಅಳುವಿಗೆ ಕಿವಿಗೊಟ್ಟು, "ಇದು ಹಸಿವಿನ ಅಳು", "ಇಲ್ಲ ಸಾರ್, ನಿದ್ದೆ ಅಳು" ಎಂದು ಚರ್ಚಿಸುತ್ತಿದ್ದೆವು. ಅವನಿಗಾದರೋ ಅಪ್ಪ ಎಂಬ ರಿಯಾಯಿತಿ ಇತ್ತು, ದಿನಕ್ಕೆರಡು ಸಲ ಒಳಗೆ ಬಿಡುತ್ತಿದ್ದರು. ನನಗೆ ಅದೂ ಇಲ್ಲ. ನಿಜ ಹೇಳಲೇ? ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ಭಾನುವಾರ ತಡೆಯಲಾಗಲಿಲ್ಲ. ಪೇಟೆಗೆ ಹೋಗಿ ಅಂಗೈಯಷ್ಟಗಲದ ಒಂದು ಉಣ್ಣೆ ಟೋಪಿ ತಂದೆ, ಗುಲಾಬಿ ಬಣ್ಣದ್ದು. ಕೈಕಾಲು ತೊಳೆದು, ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಕೆಳಗಿಳಿದೆ. ಬೀಟೆ ಮರದ ಆ ಬಾಗಿಲನ್ನು ಆರಿಸಿದ್ದು ನಾನು, ಪಾಲಿಶ್ ಮಾಡಿಸಿದ್ದು ನಾನು. ಅದನ್ನು ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿದೆ.

"ಯಾರದು?" ಒಳಗಿನಿಂದ ಶಾಮಲಾಳ ದನಿ.

"ಮೇಲ್ಗಡೆ ಮನೆಯೋರು" ಎಂದೆ.

"ಮಗು ಈಗಿನ್ನೂ ಮಲಗ್ತು. ಸಾಯಂಕಾಲ ಬನ್ನಿ. ಹೋಗ್ತಾ ಮೆಟ್ಲು ಬಾಗ್ಲು ಸದ್ದಾಗ್ದಂಗೆ ಹಾಕ್ಕೊಳ್ಳಿ."

"ಆಗ್ಲಮ್ಮ" ಎಂದು, ಸದ್ದಾಗದಂತೆ ಹಾಕಿಕೊಂಡು, ತುದಿಗಾಲಲ್ಲಿ ಹತ್ತಿದೆ.